ಒಳಗಿನ ಚಿಲಕ

ಕಾಕಾನ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ, ಇಟಲಿಯಲ್ಲಿ ಗುಂಡು ತಗುಲಿದ ಕೈ. ಚಹಾದ ಕಪ್ಪು ಹಿಡಿದರೆ ಆ ಬೆರಳುಗಳು ಎದುರಿಗೆ ಕೂತವರತ್ತ ನೆಟ್ಟಗೆ ಚಾಚಿರುತ್ತಿದ್ದವು. "ಇವೆರಡು ಬ್ರಿಟಿಷ್ ಸರ್ಕಾರದ್ದು. ಉಳಿದದ್ದಷ್ಟ ನಂದು" ಎನ್ನುತ್ತಿದ್ದರು.

ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನಮ್ಮ ಪಕ್ಕದ ಮನೆಯವರು, ಬೆಳಗಾವಿ ಕಡೆಯವರು. ಹೆಂಡತಿ ತೀರಿದ ಮೇಲೆ ಮಗನ ಮನೆಯ ಸಣ್ಣ ಕೋಣೆಯಲ್ಲಿದ್ದರು. ಇಸ್ತ್ರಿ ಮೇಜು, ಸೂಟ್‌ಕೇಸು, ಮೊಮ್ಮಕ್ಕಳ ಹಳೆ ಸೈಕಲ್ಲು ತುಂಬಿ ಅದರ ಬಾಗಿಲು ಮುಚ್ಚುತ್ತಲೇ ಇರಲಿಲ್ಲ. ಮಗ ಸೊಸೆ ಕೆಟ್ಟವರಲ್ಲ. ಮುದುಕನಿಗೆ ಬಾಗಿಲು ಯಾಕೆ ಎಂದುಕೊಂಡಿದ್ದರು, ಅಷ್ಟೇ.

ಥೇಮ್ಸ್ ದಂಡೆಯಲ್ಲಿ ಮುನ್ನೂರು ವರ್ಷದ ಹಿಂದೆ ರಾಜನೊಬ್ಬ ಮುದಿ ಸೈನಿಕರಿಗೆಂದು ಕಟ್ಟಿಸಿದ ಆಶ್ರಯಧಾಮವಿದೆ. ಕೆಂಪು ಕೋಟಿನ ಅಜ್ಜಂದಿರು, ಒಬ್ಬೊಬ್ಬರಿಗೂ ಒಂದು ಪುಟ್ಟ ಕೋಣೆ. ಕಾಕಾ ಒಮ್ಮೆ ಅದನ್ನು ನೋಡಿಬಂದವರೇ ದಿನಾ ಬೂಟು ಪಾಲಿಶ್ ಮಾಡತೊಡಗಿದರು.

"ಊಟಾ, ಕೋಟು ಯಾವನಿಗೆ ಬೇಕವ್ವ. ಒಳಗಿಂದ ಚಿಲಕಾ ಹಾಕ್ಕೊಳ್ಳಾಕ ಒಂದು ಬಾಗಲಾ ಸಿಕ್ರ ಸಾಕು. ಅರ್ಜಿ ಬರದ ಕೊಡು."

ಬರೆದೆ. ಉತ್ತರ ಬಂತು: ಬ್ರಿಟಿಷ್ ಸೈನ್ಯದ ಪಿಂಚಣಿದಾರರಿಗೆ ಮಾತ್ರ. ಕಾಕಾ ಹೋರಾಡಿದ್ದು ಬ್ರಿಟಿಷರಿಗಾಗಿಯೇ, ಆದರೆ ಕಾಗದದ ಪ್ರಕಾರ ಭಾರತದ ಸೈನ್ಯ. ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇದಕ್ಕೇ. ಇಂಗ್ಲಿಷ್ ಓದಲು ಬಾರದ ಅವರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಬಾಯಿಗೆ ಸುಳ್ಳು ಬಂತು.

"ಪಾಳಿ ಐತಂತ್ರಿ ಕಾಕಾ. ಕಾಯಬೇಕಂತ."

"ಕಾಯೂದು ಸಿಪಾಯಿಗೆ ಕಲಿಸಬ್ಯಾಡ" ಎಂದು ಪತ್ರವನ್ನು ಮಡಚಿ ಜೇಬಿಗಿಟ್ಟರು.

ಎರಡು ವರ್ಷದ ಮೇಲೆ ಊರಾಡಳಿತದ ಕೌನ್ಸಿಲ್‌ನವರು ಹತ್ತಿರದ ಹ್ಯಾರೋದಲ್ಲಿ ವೃದ್ಧರ ಫ್ಲ್ಯಾಟೊಂದನ್ನು ಕೊಡಲು ಬಂದರು. ಸ್ವಂತ ಬಾಗಿಲು, ಸ್ವಂತ ಬೀಗ. ಕಾಕಾ ಬೇಡವೆಂದರು. ನನಗೆ ತಿಳಿದದ್ದು ಅದು ಬೇರೆಯವರ ಪಾಲಾದ ಮೇಲೆ.

"ಅಲ್ಲಿ ನನ್ನ ಪಾಳಿ ಬರೂದೈತಲ್ಲ. ಎರಡೆರಡ ಮನಿ ಹಿಡಿಯೂದು ತಪ್ಪು. ಇದು ಇನ್ನೊಬ್ಬ ಮುದುಕಗ ಆಗಲಿ."

ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ನನ್ನದು ಹೇಡಿತನ, ಅದಕ್ಕೆ ಕರುಣೆ ಎಂದು ಹೆಸರಿಟ್ಟುಕೊಂಡಿದ್ದೆ.

ಹೊಸ ಶತಮಾನದ ಮೂರನೆಯ ಚಳಿಗಾಲ ಕಾಕಾ ಹಾಸಿಗೆ ಹಿಡಿದರು. "ಇನ್ನ ಎಷ್ಟ ಮಂದಿ ಅದಾರವ್ವ, ನನಗಿಂತ ಮುಂದ?" ಎಂದು ಕೇಳಿದರು.

"ಯಾರೂ ಇಲ್ರಿ. ಮುಂದಿನವರು ನೀವ" ಎಂದೆ.

ಸೊಸೆಗೆ ಹೇಳಿ ಬೂಟು ತರಿಸಿಕೊಂಡು ಮಂಚದ ಪಕ್ಕಕ್ಕೆ ಇಡಿಸಿದರು. ನಾಲ್ಕು ದಿನಕ್ಕೆ ಹೋದರು, ತೆರೆದ ಬಾಗಿಲ ಕೋಣೆಯಲ್ಲೇ.

ದೇಹ ಹೊರತರಲು ದಾರಿ ಸಾಲದೆ ಮೊದಲ ಬಾರಿಗೆ ಅಲ್ಲಿನ ಸಾಮಾನೆಲ್ಲ ಹೊರಗೆ ಹಾಕಿದರು. ಎಲ್ಲರೂ ಹೋದ ಮೇಲೆ ನಾನು ಒಳಗೆ ನಿಂತು ಬಾಗಿಲು ನೂಕಿದೆ. ಸಲೀಸಾಗಿ ಮುಚ್ಚಿಕೊಂಡಿತು.