ಸೊನ್ನೆಯ ಮೇಲೆ ಎಳೆದ ಗೆರೆ

ಮಿತ್ರರೇ, ಇಂದು ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿ ಐರಿನ್ ಲ್ಯಾಪ್‌ಟಾಪ್ ಹಿಡಿದು ಮಧೂರಿನ ನಮ್ಮ ಮನೆಗೆ ಬಂದಳು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ತಿದ್ದಬಹುದಾದ ಗಣಿತ ತಂತ್ರಾಂಶವೊಂದಕ್ಕೆ ಆಕೆ ಹೊಸ ಸೌಲಭ್ಯವನ್ನು ಸೇರಿಸುತ್ತಿದ್ದಾಳೆ. ಸಮೀಕರಣ ಬರೆದರೆ ಸಾಕು, ಅದರ ನಕ್ಷೆಯು, ಎಂದರೆ ಗ್ರಾಫು, ಬ್ರೌಸರಿನಲ್ಲಿಯೇ ಮೂಡುತ್ತದೆ. ಬೆರಳಾಡಿಸಿದರೆ ಸರಿಯುತ್ತದೆ, ಹಿಗ್ಗುತ್ತದೆ. ಮಧ್ಯಾಹ್ನದೊಳಗೆ ಅದನ್ನು ಪರಿಶೀಲಕರಿಗೆ ಒಪ್ಪಿಸಬೇಕಿತ್ತು.

“ಎಂತಾದರೂ ತಪ್ಪುಂಟಾ ನೋಡಿ ಮಾಷ್ಟ್ರೇ.”

ನಾನು y = 1/x ಎಂದು ಬರೆಯಿಸಿದೆ. x ಸೊನ್ನೆಯಾದಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಆದರೂ ಅವಳ ನಕ್ಷೆಯು ಎರಡು ಬದಿಯ ವಕ್ರರೇಖೆಗಳನ್ನು ನಡುವೆ ಒಂದು ನೆಟ್ಟನೆಯ ಗೆರೆಯಿಂದ ಜೋಡಿಸಿತ್ತು.

“ಪ್ಲಸ್ ಟೂ ಪರೀಕ್ಷೆಯಲ್ಲಿಯೂ ನೀನು ಹೀಗೆಯೇ ಜೋಡಿಸಿದ್ದೆ,” ಎಂದೆ.

“ಅಯ್ಯೋ! ನೀವು ಅರ್ಧ ಮಾರ್ಕು ಕಟ್ ಮಾಡಿದ್ದು ನನಗೆ ಈಗಲೂ ನೆನಪುಂಟು.”

ಚಹಾ ಆರುವುದರೊಳಗೆ ದೋಷವನ್ನು ತಿದ್ದಿದಳು. ಈಗಷ್ಟೇ ಅವಳ ಕರೆ ಬಂತು: ಕೆಲಸ ಸ್ವೀಕೃತವಾಗಿದೆ. ನಾನು ಕರಿಹಲಗೆಯ ಮೇಲೆ ಎಳೆದ ನಕ್ಷೆಗಳು ಒಂದು ದಿನವೂ ಅಲುಗಿದ್ದಿಲ್ಲ. ಇವಳದು ಇನ್ನು ಎಲ್ಲೆಲ್ಲಿಯೋ ಇರುವ ಮಕ್ಕಳ ಬೆರಳಿಗೆ ಓಗೊಡುತ್ತದೆ. ಹೆಮ್ಮೆಯಿಂದ ಕುರ್ಚಿ ಬಿಟ್ಟು ಎದ್ದು ನಿಂತೆ.

“ಇನ್ನಾದರೂ ಆ ಅರ್ಧ ಮಾರ್ಕು ಕೊಡಿ ಮಾಷ್ಟ್ರೇ,” ಎಂದಳು ಫೋನಿನಲ್ಲಿ.

“ನಿನ್ನ ಈ ನಕ್ಷೆಯಲ್ಲಿ ಅಕ್ಷಗಳಿಗೆ ಹೆಸರು ಬರೆದಿಲ್ಲ. ಬರೆದ ಮೇಲೆ ನೋಡೋಣ.”

ಕೆಂಪು ಪೆನ್ನನ್ನು ಆಗಲೇ ಹುಡುಕಿ ಇಟ್ಟಿದ್ದೇನೆ. ಅವಳಿಗೆ ಯಾರೂ ಹೇಳಬಾರದು.