ಸವೆಯದ ಬೆತ್ತ

ಮೊನ್ನೆ ಮಣಿಪಾಲದ ಹೋಟೆಲೊಂದರಲ್ಲಿ ಹಳೆಯ ಕಾಲದ ಬೆತ್ತಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಜೋಡಿಸಿಟ್ಟಿದ್ದರು. ಬೆಳ್ಳಿಯ ನಾಯಿತಲೆಯ ಹಿಡಿಕೆಯಿದ್ದ ಒಂದು ಬೆತ್ತದ ಕೆಳಗೆ, 'ಅಪರೂಪದ ಕಲಾಕೃತಿ. ತುದಿ ಸ್ವಲ್ಪವೂ ಸವೆದಿಲ್ಲ' ಎಂದು ಬರೆದಿತ್ತು. ಓದಿ ಮೈಯೆಲ್ಲ ಉರಿದುಹೋಯಿತು.

ನಾನು ಸಣ್ಣವಳಿದ್ದಾಗ ಕಾಪುವಿನ ನಮ್ಮ ಧಣಿಗಳ ಹತ್ತಿರ ಇಂಥದ್ದೇ ಬೆತ್ತವಿತ್ತು. ಅವರ ಕಾಲುಗಳು ಗಟ್ಟಿಯಾಗಿಯೇ ಇದ್ದವು. ಬೆತ್ತ ನೆಲ ಮುಟ್ಟುತ್ತಿರಲಿಲ್ಲ. ಕಂಕುಳಲ್ಲಿರುತ್ತಿತ್ತು, ಇಲ್ಲವೇ ನಮ್ಮತ್ತ ಚಾಚಿರುತ್ತಿತ್ತು. ಅವರ ಗದ್ದೆ ಗೇಯುತ್ತಿದ್ದ ನನ್ನ ಅಜ್ಜಿಗೋ ಮೊಣಕಾಲು ಬಾತು, ಬಿದಿರಿನ ಕೋಲಿಲ್ಲದೆ ನಡೆಯಲಾಗುತ್ತಿರಲಿಲ್ಲ. ಆದರೆ ಧಣಿಗಳ ಎದುರು ಒಕ್ಕಲಿನವರು ಕೋಲು ಹಿಡಿಯುವಂತಿರಲಿಲ್ಲ. ಚೌತಿಗೆ ಅವರ ಮನೆಗೆ ಸೌತೆಕಾಯಿ ಕಾಣಿಕೆ ಒಪ್ಪಿಸಲು ಹೋದಾಗಲೆಲ್ಲ ಅಜ್ಜಿ ಕೋಲನ್ನು ಗೇಟಿನ ಹೊರಗೆ ಒರಗಿಸಿ, ನನ್ನ ಹೆಗಲು ಹಿಡಿದು ಆ ಉದ್ದದ ಅಂಗಳ ದಾಟುತ್ತಿದ್ದರು.

ಧಣಿಗಳು ಬೆತ್ತದಿಂದ ಸೌತೆಕಾಯಿಗಳನ್ನು ಹೊರಳಿಸಿ ನೋಡುತ್ತಾ, "ಎಂತ ಮಾರಾಯ್ತಿ, ನಡೆಯಲಿಕ್ಕೆ ಆಗುವುದಿಲ್ಲವಾ? ನಾನು ನಿನಗಿಂತ ಪ್ರಾಯದಲ್ಲಿ ದೊಡ್ಡವ, ಗೊತ್ತುಂಟಾ?" ಎಂದು ನಗುತ್ತಿದ್ದರು.

"ಹಾಗೆಂತ ಇಲ್ಲ ಧಣಿಗಳೇ, ಆಗ್ತದೆ" ಎನ್ನುತ್ತಿದ್ದ ಅಜ್ಜಿಯ ಬೆರಳುಗಳು ನನ್ನ ಹೆಗಲನ್ನು ಇನ್ನಷ್ಟು ಒತ್ತುತ್ತಿದ್ದವು.

ಹೋಟೆಲಿನಲ್ಲಿ ಪಕ್ಕ ನಿಂತಿದ್ದ ಒಬ್ಬರು, "ಎಷ್ಟು ಜೋಪಾನವಾಗಿ ಬಳಸಿದ್ದಾರೆ ನೋಡಿ, ಸವೆದೇ ಇಲ್ಲ, ಅಲ್ವಾ?" ಎಂದರು.

"ಸವೆಯುವುದು ಹೇಗೆ? ನಡೆಯಲಿಕ್ಕೆ ಆಗದವರ ಕೈಗೆ ಅದನ್ನು ಯಾರಾದರೂ ಕೊಟ್ಟದ್ದುಂಟಾ?"

ನನ್ನ ಸ್ವರ ಜೋರಾಗಿಯೇ ಇತ್ತು. ಎಲ್ಲರೂ ತಿರುಗಿ ನೋಡಿದರು. ನೋಡಲಿ. ಆ ಅಂಗಳದಲ್ಲಿ ಅಜ್ಜಿಯ ಕೋಲಾಗಿದ್ದವಳು ನಾನು.