ಮೂರು ಬೆರಳು ಎತ್ತರ

ಹೊಸ ಟೈರಿನ ವಾಸನೆ. ಸವೆದ ಟೈರು ಬದಲಿಸಲೆಂದು ನಿನ್ನೆ ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಕೂತಿದ್ದಾಗ ಅದು ಮೂಗಿಗೆ ಬಡಿಯಿತು. 'ಮೇಡಂ, ಹೆಂಗೂ ಬದಲಾಯಿಸ್ತಿದ್ದೀರಿ, ಒಂದು ಸೈಜ್ ದೊಡ್ಡ ಅಲಾಯ್ ಹಾಕ್ಸಿಬಿಡಿ, ಗಾಡಿ ಎದ್ದು ಕಾಣ್ತದೆ' ಎಂದು ಅಂಗಡಿಯವನು ಚಕ್ರಗಳನ್ನು ತೋರಿಸುತ್ತಾ ಹೋದ. ನನಗೆ ಚಕ್ರಗಳು ಕಾಣಲಿಲ್ಲ. ನಮ್ಮೂರಿನ ಅಂಗಡಿ ಮಾವ ಕಂಡರು.

ಇನ್ನು ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಅವರ ಕಾರಿನ ದೊಡ್ಡ ಚಕ್ರಗಳು ಬೆಳ್ಳಿ ಬಣ್ಣದವೆಂದು ನನ್ನ ನೆನಪು. ಅಮ್ಮ ಕಪ್ಪು ಅನ್ನುತ್ತಾಳೆ. ಆಗ ನಾನು ಎಂ.ಎ. ಮುಗಿಸಿ ಬಣಕಲ್ಲಿನ ಮನೆಯಲ್ಲಿದ್ದೆ... ಅಥವಾ ಕೊನೆಯ ವರ್ಷದ ರಜೆಯಿತ್ತೋ. ಕಂಡದ್ದೆಷ್ಟು, ಆಮೇಲೆ ಕೇಳಿ ಸೇರಿಸಿಕೊಂಡದ್ದೆಷ್ಟು ಎಂದು ಬಿಡಿಸಿ ಹೇಳಲಾರೆ.

ಅಂಗಡಿ ಮಾವ ನಮ್ಮ ಪಕ್ಕದ ಮನೆಯವರು. ರಸ್ತೆ ಬದಿಯಲ್ಲಿ ಕತ್ತಿ, ಹಗ್ಗ, ಟಾರ್ಪಾಲು ಮಾರುತ್ತಿದ್ದರು. ಹೊಸ ಟಾರ್ಪಾಲು ಮಾರಿ, ತಮ್ಮ ಅಂಗಡಿಯ ಮುಂದೆ ಮಾತ್ರ ತೇಪೆ ಹಾಕಿದ್ದನ್ನು ಕಟ್ಟಿಕೊಳ್ಳುವ ಮನುಷ್ಯ. ಅಂಥವರು ತಮ್ಮ ಹಳೆಯ ಪುಟ್ಟ ಕಾರಿಗೆ ದೊಡ್ಡ ಚಕ್ರ ಹಾಕಿಸಲು ಹೊರಟರು. ಮಗಳನ್ನು ಜಾವಳಿಯ ಆಚೆ ಗುಡ್ಡದ ಮೇಲಿನ ಮನೆಗೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿ. ಮಡಿಲು ತುಂಬಿ ಕರೆತರಲು ತಾಯಿಯೇ ಹೋಗಬೇಕೆಂಬುದು ಅವರಲ್ಲಿ ಪದ್ಧತಿ. ಆದರೆ ಮಾವನ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು, ಮಗಳ ಮನೆಯನ್ನು ಇನ್ನೂ ನೋಡಿರಲಿಲ್ಲ. ಮಂಡಿನೋವಿನಿಂದ ಅವರಿಗೆ ಏರು ಹತ್ತಲಾಗುತ್ತಿರಲಿಲ್ಲ. ಕಾರಾದರೆ ಕೊನೆಯ ಏರಿನ ಕಲ್ಲುಗಳಿಗೆ ಅಡಿ ತಾಗಿ ನಿಂತುಬಿಡುತ್ತಿತ್ತು.

ಮೂಡಿಗೆರೆಯ ಟೈರ್ ಅಂಗಡಿಗೆ ಮಾವನ ಜೊತೆ ಅಪ್ಪ ಹೋಗಿದ್ದರು, ನಾನೂ ಇದ್ದೆ. ಅಲ್ಲಿ ನಿಂತವರದ್ದೆಲ್ಲ ಒಂದೊಂದು ಮಾತು.

'ಎಂತ ಸಾಹುಕಾರ್ರೆ, ಇಲಿಗೆ ಆನೆ ಕಾಲು ಕಟ್ಟಿಸ್ತೀರಾ?'

'ಸ್ಟೇರಿಂಗ್ ತಿರುಗಿಸೋಕೆ ಇನ್ನೊಬ್ರನ್ನ ಇಟ್ಕೊಳ್ಳಿ ಮತ್ತೆ!'

'ಈ ದುಡ್ಡಲ್ಲಿ ಎಷ್ಟು ಸಲ ಜೀಪ್ ಬಾಡಿಗೆ ಮಾಡ್ಬೋದು ಮಾರಾಯ್ರೆ' ಎಂದರು ಅಪ್ಪ.

ಮಾವ ಬಗ್ಗಿ ಟೈರಿನ ಹಲ್ಲು ಸವರುತ್ತಿದ್ದರು. 'ಜೀಪ್ ಎತ್ತರ. ಅವಳಿಗೆ ಹತ್ತೋಕಾಗಲ್ಲ' ಎಂದರು.

ಆ ಮಾತನ್ನು ನಾವೆಲ್ಲ ಕೇಳಿಸಿಕೊಂಡೆವು. ಯಾರಿಗೂ ಏನೂ ಹೊಳೆಯಲಿಲ್ಲ. ದೊಡ್ಡ ಚಕ್ರ ಬಂತು, ಸ್ಪ್ರಿಂಗಿಗೂ ಏನೋ ತುಂಡು ಸೇರಿಸಿದರು, ಕಾರು ಮೂರು ಬೆರಳು ಎದ್ದು ನಿಂತಿತು. ಮಾವ ಒಬ್ಬರೇ ಗುಡ್ಡ ಹತ್ತಿಸಿ ನೋಡಿಬಂದು, 'ಒಂದು ಕಲ್ಲೂ ತಾಗ್ಲಿಲ್ಲ!' ಎಂದು ಬೀದಿಗೆಲ್ಲ ಹೇಳಿದರು.

ಹೊರಡುವ ದಿನ ಅತ್ತೆ ಮದುವೆಗೆ ಉಟ್ಟ ಹಾಗೆ ಸೀರೆ ಉಟ್ಟಿದ್ದರು. ಕುಳ್ಳಗಿನ ಹೆಂಗಸು. ಕಾರು ಹತ್ತಲು ಅವರದೇ ಒಂದು ಕ್ರಮವಿತ್ತು. ಬಾಗಿಲಿಗೆ ಬೆನ್ನು ಮಾಡಿ ಸೀಟಿನ ಅಂಚಿಗೆ ಕೂರುವುದು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುವುದು. ಅವತ್ತು ಕೂರಲು ಹೋದರೆ ಸೀಟು ಎಟುಕಲಿಲ್ಲ. ಅಮ್ಮ ರಟ್ಟೆ ಹಿಡಿದಳು. ಯಾರೋ ಮಣೆ ತಂದಿಟ್ಟರು. ಹಿಮ್ಮುಖವಾಗಿ ಅದರ ಮೇಲೆ ಕಾಲಿಡಲು ಹೋಗಿ ಅತ್ತೆ 'ಅಯ್ಯೋ ಶಿವನೇ' ಎಂದು ನಿಂತುಬಿಟ್ಟರು.

'ಎತ್ತಿ ಕೂರಿಸ್ತೀನಿ, ಬಾರೆ' ಎಂದರು ಮಾವ.

ಎದುರಿಗೆ ಬಸ್ಸಿಗೆ ಕಾಯುವ ಜನ ನೋಡುತ್ತಿದ್ದರು. ಅತ್ತೆ ನಕ್ಕರು. 'ಧಾರೆ ಹೊತ್ತಲ್ಲಿ ಕೈ ಹಿಡಿಯೋಕೇ ನಡುಗಿದೋರು, ಈಗ ಎತ್ತಾರಂತೆ! ಬೇಡ, ಸುಮ್ನಿರಿ.' ಆಮೇಲೆ ಮಡಿಲಕ್ಕಿಯ ಗಂಟನ್ನು ಅಮ್ಮನ ಕೈಗೆ ಕೊಟ್ಟರು. 'ನೀನೇ ಹೋಗಿ ಬಾ ಮಾರಾಯ್ತಿ. ಅವಳ ಅಡಿಗೆಮನೇಲಿ ಬೆಳಕು ಬರ್ತದಾ ನೋಡ್ಕೊಂಡ್ ಬಾ.'

ಮಗಳು ಬಂದಳು, ಹೆತ್ತಳು, ಕೂಸನ್ನೆತ್ತಿಕೊಂಡು ಗುಡ್ಡಕ್ಕೆ ಮರಳಿದಳು. ಮುಂದಿನ ಮಳೆಗೆ ಮೊದಲೇ ಅತ್ತೆ ಹೃದಯಾಘಾತದಿಂದ ತೀರಿಕೊಂಡರು. ಮಗಳ ಮನೆಯ ಹೊಸ್ತಿಲು ತುಳಿಯಲೇ ಇಲ್ಲ. ಮಾವ ಆ ಚಕ್ರಗಳನ್ನು ಬಿಚ್ಚಿಸಿ ಹಳೆಯವನ್ನೇ ಹಾಕಿಸಿದರು. ಬಿಚ್ಚಿದ್ದನ್ನು ಮಾರಿದರೋ ಏನೋ... ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನಾನು ಕಾರು ಕೊಂಡಾಗ ಮಾವ ನೋಡಲು ಬಂದರು. ಬಣ್ಣ ನೋಡಲಿಲ್ಲ, ಬೆಲೆ ಕೇಳಲಿಲ್ಲ. ಬಾಗಿಲು ತೆರೆದು ನೆಲದಿಂದ ಸೀಟಿನವರೆಗೆ ಗೇಣು ಹಾಕಿದರು. 'ನಾನು ಆ ಚಕ್ರ ಹಾಕ್ಸದೇ ಇದ್ದಿದ್ರೆ ಏರಿನ ಬುಡದವರೆಗಾದ್ರೂ ಹೋಗಿರೋಳು. ಕೆಳಗೆ ನಿಂತು ಮನೆ ನೋಡಿರೋಳು...' ಎಂದು ಬಾಗಿಲು ಮುಚ್ಚಿದರು.

ಈ ವರ್ಷ ಮಾವನೂ ಇಲ್ಲ. ಹೆಂಡತಿಯನ್ನು ತಡೆದದ್ದು ತಾನು ಹಾಕಿಸಿದ ಚಕ್ರವೇ ಎಂದು ನಂಬಿಕೊಂಡೇ ಹೋದರು. ನನಗೆ ಹಾಗೆ ಖಚಿತವಿಲ್ಲ. ನಿನ್ನೆ ಮೊದಲಿದ್ದ ಅಳತೆಯ ಟೈರನ್ನೇ ಹಾಕಿಸಿಕೊಂಡು ನೇರ ಬಣಕಲ್ಲಿಗೆ ಬಂದು ಅಮ್ಮನನ್ನು ಕೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಕೇಳಿದ್ದು ಇಷ್ಟೇ: 'ಅವತ್ತು ಅತ್ತೆಯ ರಟ್ಟೆ ಹಿಡಿದಿದ್ದೋಳು ನೀನು. ಎತ್ತೋದು ಬೇಡ ಅಂದ್ರಲ್ಲ ಅಮ್ಮಾ, ಅದು ನೋವಿಗಾ, ನಾಚಿಕೆಗಾ?'